ಕಾರು ಮುಂದೆ ಹೋಗುತ್ತದೆ, ಹೊಗೆ ಒಳಗೆ ಬರುತ್ತದೆ

ಪ್ರಶ್ನೆ: ಸರ್, ಆರು ತಿಂಗಳ ಹಿಂದೆ 1972ರ ಡಾಟ್ಸನ್ 240ಝೆಡ್ (ಜಪಾನಿನ ಎರಡು ಸೀಟಿನ ಸ್ಪೋರ್ಟ್ಸ್ ಕಾರು) ಕೊಂಡೆ. ಕಿಟಕಿ ಇಳಿಸಿ ಓಡಿಸಿದರೆ ಒಳಗೆಲ್ಲ ವಾಸನೆ. ಅರ್ಧ ಗಂಟೆಗೇ ಹೆಂಡತಿಗೆ ತಲೆನೋವು ಶುರು. ಹೊಸ ಸೈಲೆನ್ಸರ್ ಹಾಕಿಸಿದರೂ ಕಡಿಮೆ ಆಗಿಲ್ಲ. ಎಂಜಿನ್ ಬಿಚ್ಚಬೇಕಾ?
— ಓದುಗರು, ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಉತ್ತರ: ಎಂಜಿನ್ ಮುಟ್ಟಬೇಡಿ. ಪಾಪ, ಅದರದ್ದೇನೂ ತಪ್ಪಿಲ್ಲ.

ನನ್ನ 1971ರ ಕಾರಿನಲ್ಲೂ ಇದೇ ಕಥೆ. ಒಂದು ಯುಗಾದಿಗೆ ಕನ್ನಡ ಕೂಟದ ಕಾರ್ಯಕ್ರಮಕ್ಕೆ ಇಬ್ಬರೂ ಅದರಲ್ಲೇ ಹೋದೆವು. ಇಳಿದ ಮೇಲೆ ನನ್ನಾಕೆ ಸೆರಗು ಮೂಸಿ ನೋಡಿ, "ಪೆಟ್ರೋಲ್ ಬಂಕಿನಲ್ಲಿ ಒಗೆದ ಹಾಗಿದೆ" ಅಂದಳು. ವಾಪಸ್ ಬರುವಾಗ ಬೇರೆಯವರ ಕಾರು ಹತ್ತಿದಳು. ನಾನೂ ನಿಮ್ಮ ಹಾಗೇ ಮೊದಲು ಸೈಲೆನ್ಸರ್ ಮೇಲೆ ದುಡ್ಡು ಸುರಿದವನು.

ಆಗುವುದು ಇಷ್ಟು. ಈ ಕಾರಿನ ಬೆನ್ನು ಇಳಿಜಾರು, ಬಾಲ ಕತ್ತರಿಸಿದ ಹಾಗಿದೆ. ಓಡುವಾಗ ಬಾಲದ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಹೊಗೆ ಅಲ್ಲೇ ಸುತ್ತುತ್ತದೆ. ನೀವು ಕಿಟಕಿ ಇಳಿಸಿದ ಕೂಡಲೇ ಒಳಗಿನ ಗಾಳಿ ಹೊರಗೆ ಎಳೆದುಕೊಂಡು ಹೋಗುತ್ತದೆ. ಆ ಜಾಗ ತುಂಬಲು ಹಿಂದಿನ ಹೊಗೆ ಸಿಕ್ಕ ಸಂದಿಯಲ್ಲೆಲ್ಲ ನುಗ್ಗುತ್ತದೆ. ಆ ಸಂದಿ ಹುಡುಕುವುದೇ ಕೆಲಸ.

ಒಂದು ಹಾಳೆ ದಿನಪತ್ರಿಕೆಯನ್ನು ಪಟ್ಟಿ ಪಟ್ಟಿಯಾಗಿ ಹರಿಯಿರಿ. ಡಿಕ್ಕಿ ಬಾಗಿಲಿನ ರಬ್ಬರ್ ಬೀಡಿಂಗ್ ಮೇಲೆ ಒಂದು ಪಟ್ಟಿ ಇಟ್ಟು ಬಾಗಿಲು ಹಾಕಿ, ಪಟ್ಟಿ ಎಳೆಯಿರಿ. ಬಿಗಿಯಾಗಿ ಹಿಡಿದುಕೊಂಡರೆ ಸರಿ. ಸುಮ್ನೆ ಜಾರಿ ಬಂದರೆ ಅಲ್ಲಿ ಸಂದಿ ಇದೆ. ಹೀಗೆ ಗೇಣಿಗೊಂದು ಕಡೆ ಸುತ್ತಲೂ ನೋಡಿ. ಆಮೇಲೆ ಹಿಂದಿನ ಎರಡು ಲೈಟುಗಳು. ಹೆಚ್ಚಿನವರು ಮರೆಯುವುದು ಇದನ್ನೇ. ಲೈಟಿನ ಹಿಂದೆ ಸಂದಿ ಮುಚ್ಚುವ ಗ್ಯಾಸ್ಕೆಟ್ ಐವತ್ತು ವರ್ಷದಲ್ಲಿ ಒಣಗಿ ಹಪ್ಪಳ ಆಗಿರುತ್ತದೆ. ರಾತ್ರಿ ಡಿಕ್ಕಿಯಲ್ಲಿ ಟಾರ್ಚ್ ಹಚ್ಚಿಟ್ಟು ಹೊರಗಿನಿಂದ ನೋಡಿ. ಬೆಳಕು ಕಂಡ ಕಡೆಯೆಲ್ಲ ಹೊಗೆಗೂ ದಾರಿ ಇದೆ. ನನ್ನ ಕಾರಿನಲ್ಲಿ ಎಡಗಡೆ ಲೈಟಿನ ಸುತ್ತ ದೀಪಾವಳಿಯೇ ಕಂಡಿತ್ತು.

ನಿಮ್ಮ ಹೊಸ ಸೈಲೆನ್ಸರಿನ ಕೊಳವೆಯನ್ನೂ ನೋಡಿ. ಅದು ಬಂಪರಿನ ಕೆಳಗೇ ಮುಗಿದಿದ್ದರೆ ಹೊಗೆ ಬಾಲಕ್ಕೇ ಬಡಿಯುತ್ತದೆ. ಬಂಪರ್ ದಾಟಿ ಸ್ವಲ್ಪ ಹೊರಗೆ ಚಾಚಿರಬೇಕು.

ಇನ್ನೊಂದು ಮಾತು. ಅದು ಹೊಗೆಯ ವಾಸನೆಯೋ, ಹಸಿ ಪೆಟ್ರೋಲ್ ವಾಸನೆಯೋ? ಕಾರು ನಿಂತಿದ್ದಾಗಲೂ ಬರುತ್ತಿದ್ದರೆ ಪೆಟ್ರೋಲ್ ಅಂತಲೇ ತಿಳಿಯಿರಿ. ಪೆಟ್ರೋಲ್ ಹಾಕುವ ಬಾಯಿ ಇರುವ ಪಕ್ಕದಲ್ಲಿ, ಒಳಗಿನ ಪ್ಲಾಸ್ಟಿಕ್ ಫಲಕದ ಹಿಂದೆ, ಆವಿ ಹಿಡಿಯುವ ಚಿಕ್ಕ ತೊಟ್ಟಿಯೊಂದಿದೆ. ಅದಕ್ಕೆ ಸೇರುವ ರಬ್ಬರ್ ಹೋಸುಗಳು ಬಿರಿದಿರುತ್ತವೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೇರೆ ಇರುತ್ತದೆ, ಹಳೇ ರಬ್ಬರಿಗೆ ಅದು ಆಗಿಬರುವುದಿಲ್ಲ. ಎಲ್ಲವನ್ನೂ ಒಟ್ಟಿಗೇ ಬದಲಿಸಿ. ಪೆಟ್ರೋಲಿಗೆಂದೇ ಮಾಡಿದ ಹೋಸ್ ಬೇಕು, ತೋಟದ ಪೈಪು ನಡೆಯುವುದಿಲ್ಲ. (ನಗಬೇಡಿ, ಒಬ್ಬರ ಕಾರಿನಲ್ಲಿ ಕಣ್ಣಾರೆ ನೋಡಿದ್ದೇನೆ.)

ತಲೆನೋವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆಯೇ ಇಲ್ಲ. ಸರಿಯಾಗುವ ತನಕ ಮನೆಯವರನ್ನು ಕೂರಿಸಿಕೊಂಡು ಹೋಗಬೇಡಿ. ನೀವೂ ಓಡಿಸಬೇಡಿ.

ಪ್ರಶ್ನೆ: ನನ್ನ 240ಝೆಡ್‌ನ ಹಿಂದಿನ ಸಸ್ಪೆನ್ಷನ್ ಬುಷ್ (ಕೀಲಿನಲ್ಲಿ ಕೂರುವ ಬಳೆ) ಬದಲಿಸಲು ಹೊರಟೆ. ಅದರೊಳಗೆ ಹಾಯುವ ಉದ್ದನೆಯ ಸ್ಪಿಂಡಲ್ ಪಿನ್ ಜಪ್ಪಯ್ಯ ಅಂದರೂ ಹೊರಬರುತ್ತಿಲ್ಲ. ಎಷ್ಟು ಜೋರಾಗಿ ಹೊಡೆಯಬಹುದು?
— ಓದುಗರು, ಪೋರ್ಟ್‌ಲ್ಯಾಂಡ್

ಉತ್ತರ: ಸುತ್ತಿಗೆ ಕೆಳಗಿಡಿ. ಮೊದಲು ನಾನು ಮಾಡಿದ ಹಲ್ಕಾ ಕೆಲಸ ಕೇಳಿ.

ನಾನು ಪಾನಾ ಹಿಡಿಯಲು ಕಲಿತದ್ದು ಮೈಸೂರಿನಲ್ಲಿ, ಅಪ್ಪನ ಜಾವಾ ಬೈಕಿನ ಮೇಲೆ. ಯಾದವಗಿರಿಯ ಕಾರ್ಖಾನೆಯಲ್ಲೇ ತಯಾರಾದ ಗಾಡಿ. ಅದರಲ್ಲಿ ಬರದ ಬೋಲ್ಟಿಗೆ ಎರಡೇಟು ಕೊಟ್ಟರೆ ಬರುತ್ತಿತ್ತು. ಇದೂ ಹಾಗೇ ಅಂದುಕೊಂಡು ನಟ್ ಬಿಚ್ಚಿ, ಪಿನ್ನಿನ ತಿರುಪು ಇರುವ ತುದಿಗೇ ಬಡಿದೆ. ತುದಿ ಅಣಬೆಯ ಹಾಗೆ ಅರಳಿಕೊಂಡಿತು. ಈ ಕಡೆಯೂ ಇಲ್ಲ, ಆ ಕಡೆಯೂ ಇಲ್ಲ. ಕೊನೆಗೆ ಎರಡು ಭಾನುವಾರ ಕೂತು ಗರಗಸದ ಬ್ಲೇಡಿನಿಂದ ಎರಡೂ ಕಡೆ ಕೊಯ್ದೆ. ಒಳಗೆ ಉಳಿದ ತುಂಡನ್ನು ವರ್ಕ್‌ಶಾಪಿನ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಒತ್ತಿಸಿದೆ. ಗುಂಡು ಹಾರಿದಂತೆ ಸದ್ದಾಯಿತು, ಅಲ್ಲಿದ್ದವರೆಲ್ಲ ತಿರುಗಿ ನೋಡಿದರು.

ನೀವು ಹೀಗೆ ಮಾಡಿ. ಪಿನ್ನಿನ ನಡುವೆ ಅಡ್ಡಲಾಗಿ ಒಂದು ಲಾಕ್ ಬೋಲ್ಟ್ ಇದೆ. ಮೊದಲು ಅದು ಪೂರ್ತಿ ಹೊರಬಂದಿದೆಯಾ ನೋಡಿ. ಅದು ಅಲ್ಲೇ ಇದ್ದರೆ ಆನೆ ತಳ್ಳಿದರೂ ಪಿನ್ ಅಲುಗುವುದಿಲ್ಲ. ಆ ರಂಧ್ರದಲ್ಲೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಒಂದು ವಾರ. ಪಿನ್ನಿಗೆಂದೇ ಮಾಡಿದ ಪುಲ್ಲರ್ (ಎಳೆದು ತೆಗೆಯುವ ಸಾಧನ) ಸಿಗುತ್ತದೆ, ಯಾರಿಂದಲಾದರೂ ಎರವಲು ತನ್ನಿ. ಬಡಿಯಲೇಬೇಕಾದರೆ ನಟ್ ತುದಿಯವರೆಗೂ ತಿರುಗಿಸಿಟ್ಟು ಬಡಿಯಿರಿ. ಹೋದರೆ ನಟ್ ಹೋಗಲಿ.

ಹೊಸ ಪಿನ್ ಸೇರಿಸುವಾಗ ಮೈತುಂಬ ಆಂಟಿ-ಸೀಜ್ (ಮತ್ತೆ ಕಚ್ಚಿಕೊಳ್ಳದಂತೆ ತಡೆಯುವ ಲೇಪ) ಸವರಿ. ರಬ್ಬರ್ ಬುಷ್ ಹಾಕುವುದಾದರೆ ಕಾರನ್ನು ಜಾಕಿಯಿಂದ ಇಳಿಸಿ, ಚಕ್ರದ ಮೇಲೆ ಭಾರ ಬಿದ್ದ ಮೇಲೇ ನಟ್ ಪೂರ್ತಿ ಬಿಗಿಯಬೇಕು. ಗಾಳಿಯಲ್ಲಿ ತೂಗುವಾಗಲೇ ಬಿಗಿದರೆ ಬುಷ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಪ್ರಶ್ನೆ: 240ಝೆಡ್ ಬೆಲೆ ಕೈಗೆಟುಕುತ್ತಿಲ್ಲ. ಅದರ ನಂತರದ ಮಾಡೆಲ್, 1976ರ 280ಝೆಡ್ ಒಂದು ಅಗ್ಗಕ್ಕೆ ಬಂದಿದೆ. ತೆಗೆದುಕೊಳ್ಳಲಾ?
— ಓದುಗರು, ಸ್ಯಾಕ್ರಮೆಂಟೊ

ಉತ್ತರ: 240 ಅಮೆರಿಕಕ್ಕೆ ಬಂದ ಹೊಸತರಲ್ಲಿ ಅದರ ಬೆಲೆ 3,526 ಡಾಲರ್. ಈಗ ಅದನ್ನು ಹೇಳಿ ಹೊಟ್ಟೆ ಉರಿಸುವುದು ಬೇಡ.

280 ಒಳ್ಳೆಯ ಕಾರೇ. ಎರಡು ಕಾರ್ಬುರೇಟರ್ ಹೊಂದಿಸುವ ಗೋಳಿಲ್ಲ, ಇದರಲ್ಲಿ ಫ್ಯುಯೆಲ್ ಇಂಜೆಕ್ಷನ್ ಇದೆ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಹೊಗೆ ಪರೀಕ್ಷೆಯಿಂದ ವಿನಾಯಿತಿ ಇರುವುದು 1975 ಮತ್ತು ಅದಕ್ಕಿಂತ ಹಳೆಯ ಮಾಡೆಲ್‌ಗೆ. ನಿಮ್ಮದು ಒಂದೇ ವರ್ಷದಲ್ಲಿ ತಪ್ಪಿತು! ಹಿಂದಿನ ಮಾಲೀಕರು ಹೊಗೆ ನಿಯಂತ್ರಣದ ಸಾಮಾನು ಕಿತ್ತು ಬಿಸಾಕಿದ್ದರೆ ಹುಡುಕಿ ತರುವಷ್ಟರಲ್ಲಿ ಸಾಕಾಗುತ್ತದೆ. ಪರೀಕ್ಷೆ ಪಾಸಾದ ಚೀಟಿ ನೋಡದೆ ಮುಂಗಡ ಕೊಡಬೇಡಿ.

ಮತ್ತೆ, ಬಣ್ಣ ನೋಡಬೇಡಿ, ತುಕ್ಕು ನೋಡಿ. ಬಟ್ಟೆ ಸುತ್ತಿದ ಅಯಸ್ಕಾಂತವೊಂದು ಜೇಬಿನಲ್ಲಿರಲಿ. ಹಿಂದಿನ ಚಕ್ರದ ಮುಂದೆ, ಬಾಗಿಲಿನ ಕೆಳಗೆ ಹಿಡಿದು ನೋಡಿ. ಅಂಟದಿದ್ದರೆ ಒಳಗಿರುವುದು ತಗಡಲ್ಲ, ಪುಟ್ಟಿ. ಬಾನೆಟ್ ಎತ್ತಿ ಬ್ಯಾಟರಿ ಕೂರುವ ತಟ್ಟೆ ನೋಡಿ. ಆಸಿಡ್ ಸೋರಿ ಅದು ತೂತಾಗಿದ್ದರೆ, ಅದರ ಕೆಳಗಿನ ಚಾಸಿಯ ತೊಲೆಯನ್ನು ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಚುಚ್ಚಿ ನೋಡಿ, ಮಾಲೀಕರನ್ನು ಕೇಳಿಕೊಂಡೇ. ಸ್ಕ್ರೂಡ್ರೈವರ್ ಒಳಗೆ ಹೋದರೆ ಒಂದು ಕಾಫಿ ಕುಡಿದು ವಾಪಸ್ ಬನ್ನಿ.