ಗುಹೆಯ ಕಲ್ಲು ನೋಡಿ ಸಾವಿರಾರು ವರ್ಷ ಹಿಂದಿನ ಮುಂಗಾರನ್ನು ಹೇಗೆ ಅಳೆಯುತ್ತಾರೆ?

ಮಳೆಮಾಪಕವೇ ಇಲ್ಲದ ಕಾಲದ ಮಳೆಯ ಬಗ್ಗೆ ಹೇಳುವುದೆಲ್ಲ ಊಹೆ ತಾನೇ ಎಂದು ಕೇಳಿದ್ದೀರಿ. ಕಲ್ಲಿನ ವಯಸ್ಸು ಊಹೆಯಲ್ಲ, ಗಟ್ಟಿ ಲೆಕ್ಕ. ತಕರಾರು ಇರುವುದು ಅಲ್ಲಿಂದ ಮಳೆಗೆ ಹೋಗುವ ದಾರಿಯಲ್ಲಿ.

ಚಾವಣಿಯಿಂದ ತೊಟ್ಟಿಕ್ಕುವ ನೀರಿನ ಸುಣ್ಣ ನೆಲದ ಮೇಲೆ ಪದರಪದರವಾಗಿ ಕೂತು ಬೆಳೆಯುವ ಕಂಬವೇ ಸ್ಟಾಲಗ್ಮೈಟ್. ಗುಹೆಯ ಬಾಯಿಂದ ದೂರ, ಗಾಳಿಯಾಡದ, ಸದಾ ತೇವವಿರುವ ಕಡೆ ಬೆಳೆದದ್ದೇ ಬೇಕು. ಗಾಳಿಯಾಡಿದರೆ ಹನಿ ಆವಿಯಾಗುತ್ತದೆ, ಅದರಲ್ಲಿನ ಹಗುರ ಆಮ್ಲಜನಕ ಮೊದಲು ಹೋಗಿ ಭಾರದ್ದು ಉಳಿಯುತ್ತದೆ, ಬರವೇ ಇಲ್ಲದಿದ್ದರೂ ಕಲ್ಲು ಬರ ತೋರಿಸುತ್ತದೆ.

ಕಂಬವನ್ನು ಉದ್ದಕ್ಕೆ ಸೀಳಿ ನಯಗೊಳಿಸಿದ ಮೇಲೆ ವಯಸ್ಸಿನ ಕೆಲಸ. ಯುರೇನಿಯಂ ನೀರಿನಲ್ಲಿ ಕರಗುತ್ತದೆ, ಥೋರಿಯಂ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಹಾಗಾಗಿ ಹೊಸ ಪದರದಲ್ಲಿ ಯುರೇನಿಯಂ ಮಾತ್ರ ಇರುತ್ತದೆ. ಯುರೇನಿಯಂ ಗೊತ್ತಿರುವ ವೇಗದಲ್ಲಿ ಕ್ಷಯಿಸಿ ಥೋರಿಯಂ ಆಗುತ್ತದೆ, ಹಾಗಾಗಿ ಮುಂದೆ ಆ ಪದರದಲ್ಲಿ ಕಾಣುವ ಥೋರಿಯಂ-230 ಅಲ್ಲೇ ಹುಟ್ಟಿದ್ದು, ಅದೆಷ್ಟಿದೆ ಎಂಬುದೇ ವಯಸ್ಸು ಹೇಳುತ್ತದೆ. ಸುಮಾರು 100 ಮಿಲಿಗ್ರಾಂ ಪುಡಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಅಳತೆ ಗೊತ್ತಿರುವ ಬೇರೆ ಐಸೊಟೋಪುಗಳನ್ನು (ಅದೇ ಧಾತುವಿನ ಬೇರೆ ತೂಕದ ರೂಪಗಳು) ಬೆರೆಸಿ, ರೆಸಿನ್ ಕೊಳವೆಯಲ್ಲಿ ಎರಡನ್ನೂ ಬೇರ್ಪಡಿಸಿ ಮಾಸ್ ಸ್ಪೆಕ್ಟ್ರೋಮೀಟರಿಗೆ (ಪರಮಾಣುಗಳನ್ನು ತೂಕದ ಮೇಲೆ ವಿಂಗಡಿಸಿ ಅಳೆಯುವ ಯಂತ್ರ) ಕೊಡುತ್ತಾರೆ. ಸುಮಾರು 6 ಲಕ್ಷ ವರ್ಷದವರೆಗೂ ಈ ಗಡಿಯಾರ ನಡೆಯುತ್ತದೆ.

ಕೆಡುವುದು ಮಣ್ಣಿನಿಂದ. ಹನಿಯ ಜೊತೆ ಬಂದ ಜೇಡಿ ತನ್ನದೇ ಥೋರಿಯಂ ತಂದಿರುತ್ತದೆ, ಕಲ್ಲು ಇರುವುದಕ್ಕಿಂತ ಹಳೆಯದಾಗಿ ಕಾಣುತ್ತದೆ. ಥೋರಿಯಂ-232 ಈ ಯುರೇನಿಯಂನಿಂದ ಹುಟ್ಟುವಂಥದ್ದಲ್ಲ. ಅದೆಷ್ಟಿದೆ ಎಂದು ನೋಡಿ ಕೊಳೆಯ ಪಾಲನ್ನು ಕಳೆಯುತ್ತಾರೆ. ಆ ಕಳೆಯುವ ಪ್ರಮಾಣಕ್ಕೇ ಸಾಮಾನ್ಯವಾಗಿ ಶೇ. 50ರಷ್ಟು ಅನಿಶ್ಚಿತತೆ ಇಟ್ಟುಕೊಳ್ಳುತ್ತಾರೆ. ಕೆಲವೇ ನೂರು ವರ್ಷದ, ಯುರೇನಿಯಂ ಕಡಿಮೆ ಇರುವ ಕಲ್ಲಿನಲ್ಲಿ ಇದು ದೊಡ್ಡ ತಲೆನೋವು. ಇನ್ನೊಂದು, ನಡುವೆ ಬೆಳವಣಿಗೆ ನಿಂತಿದ್ದರೆ (ಎಷ್ಟೋ ಸಲ ಒಂದು ಕಪ್ಪುಗೆರೆ ಸುಳಿವು ಕೊಡುತ್ತದೆ) ಅದರ ಆಚೀಚೆಯ ವಯಸ್ಸುಗಳನ್ನು ನೇರ ಗೆರೆ ಎಳೆದು ಸೇರಿಸುವಂತಿಲ್ಲ.

ಮಳೆಯ ಸುಳಿವಿಗೆ ಹಲ್ಲಿನ ಡಾಕ್ಟರು ಬಳಸುವಂಥ ಡ್ರಿಲ್ ಸಾಕು. ಅರ್ಧ ಮಿಲಿಮೀಟರಿಗೊಮ್ಮೆ ಸುಮಾರು 100 ಮೈಕ್ರೋಗ್ರಾಂ ಪುಡಿ ತೆಗೆದು, ಫಾಸ್ಫಾರಿಕ್ ಆಮ್ಲ ಹಾಕಿ, ಹೊರಬಂದ ಕಾರ್ಬನ್ ಡೈಆಕ್ಸೈಡಿನಲ್ಲಿ ಆಮ್ಲಜನಕ-18ರ (ಭಾರದ ಆಮ್ಲಜನಕ) ಪಾಲನ್ನು ಅಳೆಯುತ್ತಾರೆ. ಉಷ್ಣವಲಯದಲ್ಲಿ ಮಳೆ ಜೋರಾದಷ್ಟೂ ಅದು ಕಡಿಮೆ: ತಿಂಗಳ ಮಳೆ 100 ಮಿ.ಮೀ. ಹೆಚ್ಚಿದರೆ ಸಾವಿರಕ್ಕೆ ಸುಮಾರು 1.5ರಷ್ಟು. ನಮ್ಮ ಉತ್ತರ ಕನ್ನಡದ ಅಕಲಗವಿಯ ಒಂದು ಕಲ್ಲಿನಿಂದ 331 ವರ್ಷದ ಮುಂಗಾರಿನ ಏರಿಳಿತ ಓದಿದ್ದು ಈ ನಂಟಿನ ಮೇಲೆಯೇ. 2004ರಲ್ಲಿ ಅದು ಪ್ರಕಟವಾಯಿತು.

ಆದರೆ ಎಲ್ಲ ಕಡೆ ಇದೇ ಸೂತ್ರ ಹಾಕಬೇಡಿ. ಮೋಡ ಎಲ್ಲಿಂದ ಬಂತು, ದಾರಿಯಲ್ಲಿ ಎಷ್ಟು ಸುರಿಸಿತು ಎಂಬುದೂ ಅದೇ ಸಂಖ್ಯೆಯೊಳಗೆ ಸೇರಿಕೊಂಡಿರುತ್ತದೆ. ಮೇಘಾಲಯದ ಮಾವ್‌ಮ್ಲೂ ಗುಹೆಯ ಕಲ್ಲನ್ನೇ ನೋಡಿ. 2018ರಲ್ಲಿ ಭೂವಿಜ್ಞಾನಿಗಳು 4,200 ವರ್ಷ ಹಿಂದೆ ಶುರುವಾದ ‘ಮೇಘಾಲಯನ್’ ಕಾಲಘಟ್ಟಕ್ಕೆ ಅದನ್ನೇ ಗಡಿಗಲ್ಲು ಮಾಡಿದರು. ಆ ಕಲ್ಲು ತೋರಿಸಿದ್ದು ಮುಂಗಾರಿನ ಕುಸಿತವನ್ನು. ಅದೇ ಗುಹೆಯ ಬೇರೆ ಕಲ್ಲುಗಳು ಒಂದೇ ಉದ್ದನೆಯ ಕುಸಿತಕ್ಕಿಂತ, ಕೆಲವು ದಶಕಗಳ ಇಳಿತ ಮತ್ತೆ ಮತ್ತೆ ಬಂದಂತೆ ತೋರಿಸಿವೆ. ಅದಕ್ಕೇ ಒಂದೇ ಕಲ್ಲಿನ ಗ್ರಾಫನ್ನು ನಾನು ಪೂರ್ತಿ ನೆಚ್ಚಿಕೊಳ್ಳುವುದಿಲ್ಲ. ಒಂದೇ ಗುಹೆಯ ಎರಡು ಕಲ್ಲು ಹೊಂದಿದರೆ ‘ಮುಂಗಾರು ದುರ್ಬಲವಾಗಿತ್ತು’ ಎಂಬುದನ್ನು ಒಪ್ಪಬಹುದು. ‘ಇಷ್ಟು ಮಿ.ಮೀ. ಕಡಿಮೆ’ ಎಂದು ಬರೆದಿದ್ದರೆ, ಆ ಗುಹೆಯ ಮೇಲೆ ಈಗ ಬೀಳುವ ಮಳೆಯ ಆಮ್ಲಜನಕವನ್ನು ಅಳೆದು ತಾಳೆ ನೋಡಿದ್ದಾರೆಯೇ ಎಂದು ಹುಡುಕಿ.