ಬ್ಯಾಂಕ್‌ಗಳು ನಮ್ಮ ಸಾಲದ ಲೆಕ್ಕ 15 ದಿನಕ್ಕೊಮ್ಮೆ ರಿಪೋರ್ಟ್ ಮಾಡಲು ಶುರುವಾದ ಮೇಲೆ ಕ್ರೆಡಿಟ್ ಸ್ಕೋರ್ (ಸಾಲ ಕೊಡುವಾಗ ಬ್ಯಾಂಕ್ ನೋಡುವ ಅಂಕ) ಇಳಿಯುತ್ತಿದೆ, ಒಂದು ಕ್ರೆಡಿಟ್ ಕಾರ್ಡ್ ಕ್ಲೋಸ್ ಮಾಡಿಬಿಡಲೇ?

ದಯವಿಟ್ಟು ಬೇಡ. ಬಿಲ್ ಒಂದು ದಿನವೂ ತಡ ಮಾಡಿಲ್ಲ, ಆದರೂ ಸ್ಕೋರ್ ಇಳಿದಿದೆ ಅಂತ ಬರೆದಿದ್ದೀರಿ. ನನಗೂ ಹೀಗೇ ಆಗಿತ್ತು.

ನನ್ನ ಹತ್ತಿರ ಎರಡು ಕಾರ್ಡ್ ಇದ್ದವು, ತಲಾ 1 ಲಕ್ಷ ಲಿಮಿಟ್. ಮನೆ ಖರ್ಚೆಲ್ಲ ಒಂದರಲ್ಲೇ, ತಿಂಗಳಿಗೆ 45 ಸಾವಿರದ ಆಸುಪಾಸು. ಹಳೆಯದು ಬೀರುವಿನಲ್ಲಿ ಸುಮ್ನೆ ಬಿದ್ದಿತ್ತು. 5ನೇ ತಾರೀಕು ಬಿಲ್ ಬಂದರೆ 24ಕ್ಕೆ ಪೂರ್ತಿ ಕಟ್ಟುತ್ತಿದ್ದೆ. ಸ್ಕೋರ್ ಕೊಡುವ ಕಂಪನಿಗಳಿಗೆ ನನ್ನ ಬ್ಯಾಂಕ್ ತಿಂಗಳ ಕೊನೆಯ ಲೆಕ್ಕ ಮಾತ್ರ ಕಳಿಸುತ್ತಿದ್ದಾಗ ಬಾಕಿ 40 ಸಾವಿರದೊಳಗೇ ಕಾಣುತ್ತಿತ್ತು.

2025ರ ಜನವರಿ 1ರಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ 15ನೇ ತಾರೀಕಿನ ಲೆಕ್ಕವೂ ಹೋಗಬೇಕಾಯಿತು. ಆ ದಿನ ನನ್ನ ಕಾರ್ಡ್‌ನಲ್ಲಿ ಇನ್ನೂ ಕಟ್ಟದ 45 ಸಾವಿರ, ಅದರ ಮೇಲೆ ಹೊಸ ಖರ್ಚು 15 ಸಾವಿರ. ರಿಪೋರ್ಟ್ ತೆಗೆದು ನೋಡಿದರೆ ಕರೆಂಟ್ ಬ್ಯಾಲೆನ್ಸ್ ಅನ್ನುವ ಕಡೆ 60 ಸಾವಿರ! ಲಿಮಿಟ್‌ನಲ್ಲಿ ಹೆಚ್ಚು ಭಾಗ ಬಳಸಿದಂತೆ ಕಂಡಿತು, ಸ್ಕೋರ್ ಇಳಿದದ್ದು ಅದಕ್ಕೇ.

ನಾನು ಬೈದದ್ದು ನಿಯಮವನ್ನು. ಕಾರ್ಡ್ ಕಡಿಮೆ ಇದ್ದರೆ ಒಳ್ಳೆಯದು ಅಂದುಕೊಂಡು ಬೀರುವಿನಲ್ಲಿದ್ದ ಕಾರ್ಡನ್ನು ಕ್ಲೋಸ್ ಮಾಡಿಸಿದೆ. ಅಲ್ಲೇ ಎಡವಿದ್ದು. ಎರಡು ಕಾರ್ಡ್ ಇದ್ದಾಗ 2 ಲಕ್ಷದಲ್ಲಿ 60 ಸಾವಿರ, ಅಂದರೆ ಶೇ. 30 ಬಳಕೆ. ಒಂದೇ ಉಳಿದಾಗ 1 ಲಕ್ಷದಲ್ಲಿ ಅದೇ 60 ಸಾವಿರ, ಶೇ. 60. ಒಂದು ರೂಪಾಯಿ ಜಾಸ್ತಿ ಖರ್ಚು ಮಾಡಿಲ್ಲ, ಸಾಲ ಮಾಡಿಲ್ಲ, ಬಳಕೆ ಮಾತ್ರ ದುಪ್ಪಟ್ಟು. ಬಳಸದ ಕಾರ್ಡ್‌ನ ಖಾಲಿ ಲಿಮಿಟ್ಟೇ ನನ್ನನ್ನು ಕಾಪಾಡುತ್ತಿತ್ತು ಅಂತ ಗೊತ್ತೇ ಇರಲಿಲ್ಲ. ಸ್ಕೋರ್ ಇನ್ನೂ ಕುಸಿಯಿತು. ಅದೇ ಹೊತ್ತಿಗೆ ಹೋಮ್ ಲೋನ್‌ಗೆ ಅರ್ಜಿ ಹಾಕಿದ್ದೆ. ಸ್ಕೋರ್ ನೋಡಿ ಬ್ಯಾಂಕಿನವರು ಬಡ್ಡಿ ಕಾಲು ಪರ್ಸೆಂಟ್ ಏರಿಸಿದರು. 20 ವರ್ಷದ ಸಾಲದಲ್ಲಿ ಅದು ಸಣ್ಣ ಮೊತ್ತ ಅಲ್ಲ.

ಹಾಗಾಗಿ ನಿಯಮದಿಂದ ಸ್ಕೋರ್ ಇಳಿಯಿತು ಅನ್ನುವುದನ್ನೇ ನಾನು ಒಪ್ಪಲ್ಲ. ಸ್ಕೋರ್ ಲೆಕ್ಕ ಹಾಕುವುದು ಸಿಬಿಲ್‌ನಂಥ ಕಂಪನಿಗಳು, ಅವುಗಳ ಸೂತ್ರವನ್ನು ಈ ನಿಯಮ ಮುಟ್ಟಿಲ್ಲ. ಮಾಹಿತಿ ಬೇಗ ತಲುಪುತ್ತದೆ, ಅಷ್ಟೇ. ಸಾಲ ತೀರಿಸಿದ್ದೂ ಬೇಗ ಕಾಣುತ್ತದೆ, ಅದು ನಮಗೇ ಒಳ್ಳೆಯದಲ್ವಾ?

ಮೊದಲು ರಿಪೋರ್ಟ್ ತೆಗೆಯಿರಿ. ಸ್ಕೋರ್ ಕೊಡುವ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಉಚಿತವಾಗಿ ಕೊಡಬೇಕು. ನಿಮ್ಮದೇ ರಿಪೋರ್ಟ್ ನೀವು ನೋಡಿದರೆ ಸ್ಕೋರ್ ಇಳಿಯಲ್ಲ. ತಪ್ಪು ಕಂಡರೆ ದೂರು ಕೊಡಿ. 30 ದಿನದೊಳಗೆ ಬಗೆಹರಿಸದಿದ್ದರೆ ಆಮೇಲೆ ದಿನಕ್ಕೆ ₹100 ಪರಿಹಾರ ಸಿಗಬೇಕು.

ತಪ್ಪೇನೂ ಇಲ್ಲದಿದ್ದರೆ ಡ್ಯೂ ಡೇಟ್‌ಗೆ ಕಾಯಬೇಡಿ. ನಾನೀಗ 12ಕ್ಕೇ ಕಟ್ಟುತ್ತೇನೆ. ಲೋನ್ ಯೋಚನೆ ಇದ್ದರೆ ಹಾಗೆ ಕಟ್ಟಿ, ತಿಂಗಳ ಕೊನೆಯವರೆಗೆ ಅರ್ಜಿ ತಡೆಯಿರಿ. 2025ರ ಆ ನಿಯಮದಲ್ಲಿ 15ರ ಲೆಕ್ಕ ಕಳಿಸಲು ಬ್ಯಾಂಕಿಗೆ 7 ದಿನ, ಸೇರಿಸಿಕೊಳ್ಳಲು ಕಂಪನಿಗೆ 5 ದಿನ ಸಮಯ ಇತ್ತು.