ಗಿರಿಸಾಲಿನಲ್ಲಿ ಒಂದು ದಿನ: ಲೆಕ್ಕ ಸಂಜೆಯಿಂದ ಶುರುವಾಗಲಿ

ಪತ್ರ: ನಾವು ಹಾಸನದ ಒಂದು ಪ್ರೌಢಶಾಲೆಯ ಒಂಬತ್ತು ಜನ ಶಿಕ್ಷಕರು. ನವೆಂಬರ್ ಕೊನೆಯ ಭಾನುವಾರ ಬೆಳಗ್ಗೆ ಏಳಕ್ಕೆ ವ್ಯಾನಿನಲ್ಲಿ ಹೊರಟು, ಸರ್ಪದಾರಿಯಿಂದ ಮುಳ್ಳಯ್ಯನಗಿರಿ ಹತ್ತಿ, ಗುಡ್ಡದ ನೆತ್ತಿಯ ಮೇಲೇ ಬಾಬಾಬುಡನ್‌ಗಿರಿಗೆ ನಡೆದು, ಮಾಣಿಕ್ಯಧಾರಾ ಜಲಪಾತ ನೋಡಿ, ರಾತ್ರಿ ಊಟಕ್ಕೆ ಮನೆ ಸೇರುವ ಯೋಚನೆ. ಫೋನಿನ ನಕ್ಷೆ 18 ಕಿ.ಮೀ., ಒಟ್ಟು ಏರು 900 ಮೀಟರ್ ಎನ್ನುತ್ತದೆ. ದಿನಾ 5 ಕಿ.ಮೀ. ವಾಕಿಂಗ್ ಮಾಡುತ್ತೇವೆ. ಆಗುತ್ತೆ ಅಲ್ವಾ? ಗೈಡ್ ಬೇಕಾ?
– ಓದುಗರೊಬ್ಬರು, ಹಾಸನ

ಉತ್ತರ: ಆಗುತ್ತೆ ಟೀಚರ್. ಆದರೆ ಏಳಕ್ಕೆ ಹಾಸನ ಬಿಟ್ಟರೆ ಆಗಲ್ಲ.

ನಿಮ್ಮಲ್ಲಿ ಗಣಿತದ ಮೇಷ್ಟರು ಯಾರಾದರೂ ಇದ್ದೇ ಇರುತ್ತಾರೆ, ಅವರ ಕೈಗೆ ಈ ಲೆಕ್ಕ ಕೊಡಿ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಸೂತ್ರ ಇದು. ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಿಮ್ಮ 18 ಕಿ.ಮೀ.ಗೆ ಮೂರು ಗಂಟೆ ಮೂವತ್ತಾರು ನಿಮಿಷ. 900 ಮೀಟರ್‌ಗೆ ಒಂದೂವರೆ ಗಂಟೆ. ಒಟ್ಟು ಐದು ಗಂಟೆ ಚಿಲ್ಲರೆ. ಖುಷಿಪಡಬೇಡಿ. ಅದು ಗಟ್ಟಿ ಕಾಲಿನ ಮನುಷ್ಯ ಎಲ್ಲೂ ಕೂರದೆ ನಡೆದರೆ. ಒಂಬತ್ತು ಜನರಲ್ಲಿ ಒಬ್ಬರಿಗೆ ಶೂ ಕಚ್ಚುತ್ತದೆ, ಇಬ್ಬರಿಗೆ ಫೋಟೋ ಹುಚ್ಚು, ಎಲ್ಲರಿಗೂ ಹಸಿವು. ಎಂಟು ಗಂಟೆ ಇಟ್ಟುಕೊಳ್ಳಿ.

ಈಗ ತಲೆಕೆಳಗಿನಿಂದ ಬನ್ನಿ. ನವೆಂಬರ್ ಕೊನೆಯಲ್ಲಿ ನಮ್ಮ ಕಡೆ ಆರಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಕತ್ತಲಿಗೆ ಮುಂಚೆ ಎರಡು ಗಂಟೆ ಕೈಯಲ್ಲಿರಬೇಕು. ಅಂದರೆ ನಾಲ್ಕಕ್ಕೆ ಬಾಬಾಬುಡನ್‌ಗಿರಿ. ಹಾಗಾದರೆ ಎಂಟಕ್ಕೆ ಸರ್ಪದಾರಿಯಲ್ಲಿ ಮೊದಲ ಹೆಜ್ಜೆ. ಹಾಸನದಿಂದ ಚಿಕ್ಕಮಗಳೂರಿಗೇ 60 ಕಿ.ಮೀ.ಗೂ ಜಾಸ್ತಿ, ಬೇಲೂರಿನಲ್ಲಿ ಇಡ್ಲಿ ತಿನ್ನದೆ ನೀವು ಮುಂದೆ ಹೋಗುವವರಲ್ಲ, ಆಮೇಲೆ ಕೈಮರ ಚೆಕ್‌ಪೋಸ್ಟಿನ ಸಾಲು. ಹತ್ತು ಗಂಟೆ ಆಗಿಯೇ ಆಗುತ್ತದೆ. ಶನಿವಾರ ರಾತ್ರಿಯೇ ಚಿಕ್ಕಮಗಳೂರಿಗೆ ಬಂದು ಮಲಗಿ.

ಮುಳ್ಳಯ್ಯನಗಿರಿ 1,930 ಮೀಟರ್, ರಾಜ್ಯದಲ್ಲೇ ಎತ್ತರ. ಆದರೆ ಕಷ್ಟ ಇರುವುದು ಅಲ್ಲಲ್ಲ. ಅದು ಬರೀ ಏದುಸಿರು, ಮೇಲೆ ಹೋದ ಮೇಲೆ ದೇವಸ್ಥಾನ ಇದೆ, ಜನ ಇದ್ದಾರೆ, ಇನ್ನೊಂದು ಕಡೆಯಿಂದ ಕಾರಿನಲ್ಲಿ ಬಂದು ಮೆಟ್ಟಿಲು ಹತ್ತಿದವರೂ ಇರುತ್ತಾರೆ. ಕಷ್ಟ ಶುರುವಾಗುವುದು ಅಲ್ಲಿಂದ ಆಚೆ. ಈ ಗುಡ್ಡಗಳ ಚಂದ್ರದ್ರೋಣ ಸಾಲು ಹೆಸರಿಗೆ ತಕ್ಕಂತೆ ಅರ್ಧಚಂದ್ರದ ಹಾಗೆ ಬಾಗಿದೆ. ನೀವು ಹೋಗಬೇಕಾದ ಗುಡ್ಡ ಕಣಿವೆಯಾಚೆ ಇಲ್ಲೇ ಇದೆ ಅನ್ನುವ ಹಾಗೆ ಕಾಣುತ್ತದೆ. ದಾರಿ ಮಾತ್ರ ನೆತ್ತಿ ಹಿಡಿದು ಸುತ್ತಿಕೊಂಡು ಹೋಗುತ್ತದೆ, ನಡುನಡುವೆ ಇಳಿಸಿ ಮತ್ತೆ ಹತ್ತಿಸುತ್ತದೆ. ನೆತ್ತಿಯ ಮೇಲೆ ಬರೀ ಹುಲ್ಲು. ಮರ, ನೆರಳು, ನೀರು ಎಲ್ಲ ಕೆಳಗೆ, ಗುಡ್ಡದ ಮಡಿಕೆಗಳಲ್ಲಿ ಬೆಳೆಯುವ ಶೋಲಾ ಕಾಡಿನಲ್ಲಿ. ನೀರು ಸಿಗುತ್ತೆ ಅಂತ ಆ ಮಡಿಕೆಗೆ ಇಳಿಯಬೇಡಿ. ಕಾಟಿಗಳಿಗೂ, ಅಂದರೆ ಕಾಡುಕೋಣಗಳಿಗೂ, ಅದೇ ಜಾಗ ಇಷ್ಟ. ತಲೆಗೆ ಮೂರು ಲೀಟರ್ ನೀರು ಬೆನ್ನ ಮೇಲೇ ಬರಲಿ.

ಇನ್ನೊಂದು ವಿಷಯ ನಾನು ಪೆಟ್ಟು ತಿಂದು ಕಲಿತದ್ದು. ಹತ್ತುವಾಗ ದಾರಿ ತಪ್ಪಿದರೂ ಗುಡ್ಡದ ಎಲ್ಲ ಏಣುಗಳೂ (ಇಳಿಜಾರಿನ ಉಬ್ಬು ಸಾಲುಗಳು) ಒಂದೇ ನೆತ್ತಿಗೆ ಸೇರುತ್ತವೆ. ಇಳಿಯುವಾಗ ಅದೇ ಏಣು ಕವಲೊಡೆಯುತ್ತದೆ. ಕೆಲವು ವರ್ಷಗಳ ಹಿಂದೆ ನಾವು ನಾಲ್ವರು ಇದೇ ಸಾಲಿನಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಮಂಜಿನಲ್ಲಿ ಸಿಕ್ಕಿಕೊಂಡೆವು. ಹತ್ತು ಮಾರು ಆಚೆ ಏನೂ ಕಾಣದು. ದನದ ಕಾಲುದಾರಿಯನ್ನೇ ನಮ್ಮ ದಾರಿ ಅಂದುಕೊಂಡು ಎಡಕ್ಕೆ ಇಳಿದೆವು. ಎರಡು ಗಂಟೆ ಆದ ಮೇಲೆ ಯಾರದೋ ಕಾಫಿ ತೋಟದ ಬೇಲಿ ಸಿಕ್ಕಿತು. ತೋಟದ ಕೂಲಿಯವರ ಲೈನ್ ಮನೆಯಲ್ಲಿದ್ದ ಅಜ್ಜಿಯೊಬ್ಬರು ಕಾಫಿ ಕೊಟ್ಟು, "ಮಂಜು ಬಂದ್ರೆ ಕೂತ್ಕಬೇಕು ಮಗಾ, ನಡೀಬಾರ್ದು" ಅಂದರು. ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ: ಬೇಕು. ಊರಿನವರೇ ಆದ, ಈ ದಾರಿ ಓಡಾಡಿದ ಗೈಡ್ ಬೇಕು. ಫೋನಿನ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಳ್ಳಿ, ಆದರೆ ಅದನ್ನೇ ನಂಬಿಕೊಂಡು ಹೋಗಬೇಡಿ.

ಈ ದಾರಿಯಲ್ಲಿ ದೇವರು ಕೊಟ್ಟ ಒಂದು ಅನುಕೂಲ ಇದೆ. ಕವಿಕಲ್ ಗಂಡಿ ಅನ್ನುವ ಕಣಿವೆದಾರಿಯಲ್ಲಿ ಡಾಂಬರು ರಸ್ತೆ ಸಾಲನ್ನು ದಾಟುತ್ತದೆ. ವ್ಯಾನನ್ನು ಹನ್ನೆರಡಕ್ಕೆಲ್ಲ ಅಲ್ಲಿ ನಿಲ್ಲಿಸಿ. ಒಂದು ಗಂಟೆಯೊಳಗೆ ನೀವು ಗಂಡಿಗೆ ಬಂದರೆ ಮುಂದೆ ನಡೆಯಿರಿ. ಒಂದೂಕಾಲು ಆಯಿತೋ, ಎಲ್ಲರೂ ವ್ಯಾನ್ ಹತ್ತಿ. ಮಂಡಿ ನೋವಿನವರನ್ನು ಹೇಗಿದ್ದರೂ ಅಲ್ಲೇ ಹತ್ತಿಸಿ. ಈ ಮಾತನ್ನು ಹಿಂದಿನ ರಾತ್ರಿಯೇ ಒಪ್ಪಿಕೊಳ್ಳಿ. ಗುಡ್ಡದ ಮೇಲೆ ನಿಂತು ಚರ್ಚೆ ಮಾಡಿದರೆ ಯಾವಾಗಲೂ "ಇನ್ನು ಸ್ವಲ್ಪ ದೂರ ತಾನೇ" ಅನ್ನುವವರೇ ಗೆಲ್ಲುತ್ತಾರೆ. ಗುಡುಗು ಕೇಳಿಸಿದರೆ ಚರ್ಚೆಯೇ ಬೇಡ. ಬೋಳು ನೆತ್ತಿಯಲ್ಲಿ ಸಿಡಿಲಿಗೆ ನೀವೇ ಎತ್ತರದ ಮರ. ತಕ್ಷಣ ನೆತ್ತಿ ಬಿಟ್ಟು ಇಳಿಯಿರಿ.

ಅನುಮತಿ ವಿಷಯ. ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣ ನೋಡಿ, ವಲಯ ಕಚೇರಿಗೂ ಫೋನ್ ಮಾಡಿ ನಿಮ್ಮ ದಾರಿ ಆ ದಿನ ತೆರೆದಿದೆಯೇ ಕೇಳಿ. ಗಿರಿಗೆ ಹೋಗುವ ವಾಹನಕ್ಕೂ ಮೊದಲೇ ಬುಕ್ ಮಾಡಬೇಕು. ದತ್ತ ಜಯಂತಿಯ ಆಸುಪಾಸಿನಲ್ಲಿ ಪ್ರವಾಸಿಗರಿಗೆ ನಿರ್ಬಂಧ ಇರುತ್ತದೆ, ಹಾಗಾಗಿ ಕ್ಯಾಲೆಂಡರ್ ನೋಡಿಯೇ ದಿನ ಇಡಿ. ಮುಂದಕ್ಕೆ ಹಾಕುತ್ತಾ ಫೆಬ್ರವರಿಗೆ ತಂದು ನಿಲ್ಲಿಸಬೇಡಿ. ಆಗ ಹುಲ್ಲು ಒಣಗಿ ಕಾಡ್ಗಿಚ್ಚಿನ ಕಾಲ.

ದಿನಾ ವಾಕಿಂಗ್ ಒಳ್ಳೆಯದೇ, ಆದರೆ ಹಾಸನದ ರಸ್ತೆ ಸಮತಟ್ಟು. ಇನ್ನು ಮೂರು ವಾರ ಶಾಲೆಯ ಮೆಟ್ಟಿಲನ್ನು ಬ್ಯಾಗ್ ಹಾಕಿಕೊಂಡು ಹತ್ತಿ ಇಳಿಯಿರಿ. ಮಕ್ಕಳು ನಗಲಿ ಬಿಡಿ. ಉಂಬಳದ (ಜಿಗಣೆ) ಕಾಟ ನವೆಂಬರ್ ಕೊನೆಗೆ ಕಡಿಮೆ, ಆದರೂ ಮಳೆ ಬಿದ್ದಿದ್ದರೆ ಒಂದು ಪೊಟ್ಟಣ ಉಪ್ಪು ಇರಲಿ. ಟಾರ್ಚ್, ಸೀಟಿ, ಮಳೆ ಕೋಟು ಪ್ರತಿಯೊಬ್ಬರಿಗೂ. ಮಾಣಿಕ್ಯಧಾರಾ ಈ ಸಲ ಬಿಟ್ಟುಬಿಡಿ. ಅಲ್ಲಿಗೆ ವಾಹನದಲ್ಲೇ ಹೋಗಬಹುದು, ಮನೆಯವರನ್ನೂ ಕರೆದುಕೊಂಡು ಇನ್ನೊಂದು ಭಾನುವಾರ ಬನ್ನಿ.

ಬುತ್ತಿಗೆ ಚಿತ್ರಾನ್ನ, ಬಾಳೆಹಣ್ಣು, ಕಡಲೆ ಮಿಠಾಯಿ ಸಾಕು. ಹತ್ತು ಪೊಟ್ಟಣ ಕಟ್ಟಿ, ಒಂಬತ್ತಲ್ಲ. ಕವಿಕಲ್ ಗಂಡಿಯ ಗಾಳಿಯಲ್ಲಿ ಡ್ರೈವರ್ ಒಬ್ಬರೇ ಕಾಯುತ್ತಿರುತ್ತಾರೆ.